ಇಂಗ್ಲಿಷಿನ ಭೂತಕೃದಂತ: ‘ಬರೆದ’ವೂ ‘ಲಿಖಿತ’ವೂ

ಇಂಗ್ಲಿಷ್ ವ್ಯಾಕರಣದಲ್ಲಿ ‘ಪಾಸ್ಟ್ ಪಾರ್ಟಿಸಿಪಲ್’ ಎಂದು ಪ್ರಸಿದ್ಧವಾಗಿರುವ ಕ್ರಿಯಾರೂಪವನ್ನು ಕನ್ನಡದಲ್ಲಿ ‘ಭೂತಕೃದಂತ’ವೆಂದು ಕರೆಯುವುದು ರೂಢಿ. ಹೆಸರು ಇಷ್ಟು ಸುಲಭವಾಗಿ ದೊರೆತಿರುವುದರಿಂದ ವಸ್ತುವೂ ನಮಗೆ ಪರಿಚಿತವೆಂದೇ ನಾವು ಭಾವಿಸಿಬಿಡುತ್ತೇವೆ. ಪ್ರೌಢಶಾಲೆಯ ಬಾಲಕನು ‘ರೈಟ್, ರೋಟ್, ರಿಟನ್’, ‘ಬ್ರೇಕ್, ಬ್ರೋಕ್, ಬ್ರೋಕನ್’ ಎಂದು ಮೂರು ಸಾಲುಗಳನ್ನು ಕಂಠಪಾಠ ಮಾಡುತ್ತಾನೆ. ಮೂರನೆಯ ಸಾಲಿನ ರೂಪವನ್ನು ತಪ್ಪಿಲ್ಲದೆ ಒಪ್ಪಿಸಿದನೆಂದರೆ ಪಾಠ ಮುಗಿಯಿತು. ಆ ರೂಪಕ್ಕೆ ಅರ್ಥವೇನು, ಅದು ಯಾರನ್ನು ಕುರಿತು ಹೇಳುತ್ತದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಅದೇ ಬಾಲಕನು ಕಾಲೇಜಿಗೆ ಬಂದ ಮೇಲೆ ‘ಆನ್ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಎಂದು ಬರೆಯುತ್ತಾನೆ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎನ್ನುತ್ತಾನೆ. ಬೇಸರಗೊಂಡಿರುವವನು ತಾನಾಗಿದ್ದರೂ ‘ಐ ಆಮ್ ಬೋರಿಂಗ್’ ಎಂದು ಹೇಳಿ, ತಾನೇ ಇತರರಿಗೆ ಬೇಸರ ಹುಟ್ಟಿಸುವವನೆಂದು ಒಪ್ಪಿಕೊಳ್ಳುತ್ತಾನೆ. ಅಧ್ಯಾಪಕರು ಇವನ್ನು ಬೇರೆ ಬೇರೆ ತಪ್ಪುಗಳೆಂದು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ವಿಚಾರ ಮಾಡಿದರೆ ಇವುಗಳ ಬೇರು ಬಹುಮಟ್ಟಿಗೆ ಒಂದೇ ಕಡೆಯಲ್ಲಿದೆ.

ಇಂಗ್ಲಿಷಿನ ‘ರಿಟನ್’ ಎಂಬ ರೂಪವು ಕನ್ನಡದ ‘ಬರೆದ’ ಎಂಬುದಕ್ಕೆ ಸಮಾನವಲ್ಲ. ಅದು ಸಂಸ್ಕೃತದ ‘ಲಿಖಿತ’ ಎಂಬುದಕ್ಕೆ ಸಮಾನ. ‘ಲಿಖಿತ’, ‘ಮುದ್ರಿತ’, ‘ಪತಿತ’, ‘ಮೃತ’, ‘ನಿವೃತ್ತ’ ಮೊದಲಾದ ತತ್ಸಮ ಶಬ್ದಗಳನ್ನು ಕನ್ನಡಿಗರೆಲ್ಲರೂ ಅನಾಯಾಸವಾಗಿ, ತಪ್ಪಿಲ್ಲದೆ ಬಳಸುತ್ತಾರೆ. ಇಂಗ್ಲಿಷ್ ಕೃದಂತದ ಮರ್ಮವನ್ನು ತಿಳಿಸಿಕೊಡಲು ಬೇಕಾದ ಸಾಮಗ್ರಿ ಹೀಗೆ ವಿದ್ಯಾರ್ಥಿಯ ಬಾಯಲ್ಲಿಯೇ ಇದ್ದರೂ ನಮ್ಮ ಪಾಠಕ್ರಮವು ಅದನ್ನು ಬದಿಗಿಟ್ಟು, ಹೊಂದದ ಅಳತೆಗೋಲನ್ನು ಅವನ ಕೈಗೆ ಕೊಡುತ್ತದೆ. ಈ ಮಾತನ್ನು ಸ್ವಲ್ಪ ವಿವರವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕನ್ನಡದ ‘ಬರೆದ’ ಎಂಬುದನ್ನೇ ನೋಡೋಣ. ‘ಬರೆದ ಪತ್ರ’ ಎನ್ನುತ್ತೇವೆ. ಇಲ್ಲಿ ವಿಶೇಷ್ಯವು ಕ್ರಿಯೆಗೆ ಕರ್ಮ. ‘ಪತ್ರ ಬರೆದ ಹುಡುಗ’ ಎನ್ನುತ್ತೇವೆ. ಇಲ್ಲಿ ವಿಶೇಷ್ಯವು ಕರ್ತೃ. ‘ಪತ್ರ ಬರೆದ ಲೇಖನಿ’ ಎಂದರೆ ಕರಣ; ‘ಪತ್ರ ಬರೆದ ಕೋಣೆ’, ‘ಪತ್ರ ಬರೆದ ದಿನ’ ಎಂದರೆ ಅಧಿಕರಣ. ‘ಪತ್ರ ಬರೆದ ಕಾರಣ’ ಎಂದೂ ಹೇಳಬಹುದು. ಕೃದಂತವು ಕಾಲವನ್ನು ತಿಳಿಸುತ್ತದೆಯೇ ಹೊರತು ತನಗೂ ವಿಶೇಷ್ಯಕ್ಕೂ ಇರುವ ಕಾರಕಸಂಬಂಧವನ್ನು ತಿಳಿಸುವುದಿಲ್ಲ. ಅದನ್ನು ಸಂದರ್ಭದಿಂದ ನಾವೇ ಊಹಿಸಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ‘ಹೂ, ವಿಚ್, ವೇರ್, ವೆನ್’ ಮೊದಲಾದ ಸಂಬಂಧಸೂಚಕ ಶಬ್ದಗಳಿಂದ ಒಂದು ಉಪವಾಕ್ಯವನ್ನೇ ಕಟ್ಟಿ ಸಾಧಿಸುವ ಕೆಲಸವನ್ನು ಕನ್ನಡವು ಈ ಒಂದೇ ರೂಪದಿಂದ ಸಾಧಿಸುತ್ತದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ಲನು ಇದನ್ನು ‘ರಿಲೇಟಿವ್ ಪಾರ್ಟಿಸಿಪಲ್’ ಎಂದು ಕರೆದುದು ಈ ಕಾರಣದಿಂದಲೇ. ಆ ಹೆಸರಿನಲ್ಲಿ ಮುಖ್ಯವಾದುದು ‘ರಿಲೇಟಿವ್’ ಎಂಬ ವಿಶೇಷಣ. ಅದನ್ನು ಕೈಬಿಟ್ಟು ಕೇವಲ ‘ಭೂತಕೃದಂತ’ವೆಂದು ಹೇಳಿದಾಗ ಎರಡು ಭಾಷೆಗಳ ಎರಡು ಭಿನ್ನ ವಸ್ತುಗಳಿಗೆ ಒಂದೇ ಹೆಸರು ಬಿದ್ದಂತಾಯಿತು.

ಇಂಗ್ಲಿಷಿನ ‘ರಿಟನ್’ಗೆ ಈ ಸ್ವಾತಂತ್ರ್ಯವಿಲ್ಲ. ‘ಎ ರಿಟನ್ ಲೆಟರ್’ ಸರಿ. ‘ಎ ರಿಟನ್ ಬಾಯ್’ ಎಂದರೆ ಹುಡುಗನ ಮೈಮೇಲೆ ಯಾರೋ ಬರೆದಿರಬೇಕು. ‘ಎ ರಿಟನ್ ಪೆನ್’, ‘ಎ ರಿಟನ್ ಡೇ’ ಎಂಬುವು ಅರ್ಥಹೀನ. ಸಕರ್ಮಕ ಧಾತುವಿನಿಂದ ಹುಟ್ಟಿದ ಇಂಗ್ಲಿಷ್ ಭೂತಕೃದಂತವು ಯಾವಾಗಲೂ ಕರ್ಮದ ಕಡೆಗೇ ಮುಖಮಾಡಿ ನಿಂತಿರುತ್ತದೆ. ‘ಲಿಖಿತ’ ಶಬ್ದದ ನಡತೆಯೂ ಇದೇ: ‘ಲಿಖಿತ ಹೇಳಿಕೆ’, ‘ಲಿಖಿತ ಸಂವಿಧಾನ’ ಎನ್ನುತ್ತೇವೆ, ‘ಲಿಖಿತ ವಿದ್ಯಾರ್ಥಿ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಹಾಗೆ ಹೇಳಕೂಡದೆಂದು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ಸಾಮ್ಯವು ಆಕಸ್ಮಿಕವಲ್ಲ. ಸಂಸ್ಕೃತದಲ್ಲಿ ‘ಲಿಖಿತ’ವನ್ನು ಸಾಧಿಸುವ ಪ್ರತ್ಯಯಕ್ಕೆ ಪಾಣಿನಿಯು ‘ಕ್ತ’ ಎಂದು ಹೆಸರಿಟ್ಟಿದ್ದಾನೆ. ಅದರ ಉಳಿಯುವ ಅಂಶ ‘ತ’. ಇದೇ ಮೂಲಪ್ರತ್ಯಯವು ಲ್ಯಾಟಿನ್ನಿನಲ್ಲಿ ‘ತುಸ್’ ಎಂದೂ, ಜರ್ಮಾನಿಕ್ ಶಾಖೆಯ ಧ್ವನಿವ್ಯತ್ಯಾಸಗಳಿಗೆ ಒಳಗಾಗಿ ಇಂಗ್ಲಿಷಿನಲ್ಲಿ ಕೊನೆಯ ‘ಡ್’ ಅಥವಾ ‘ಟ್’ ಎಂದೂ ಉಳಿದುಬಂದಿದೆ. ‘ಲವ್ಡ್’, ‘ಕೆಪ್ಟ್’ ಎಂಬಲ್ಲಿ ಕೇಳಿಸುವುದು ಇದೇ. ಇನ್ನು ‘ಬ್ರೋಕನ್’, ‘ರಿಟನ್’ ಮೊದಲಾದುವುಗಳಲ್ಲಿ ಕಾಣುವ ‘ನ್’ಗೂ ಸಂಸ್ಕೃತದಲ್ಲಿ ಬಂಧುವುಂಟು. ‘ಭಿನ್ನ’, ‘ಛಿನ್ನ’, ‘ಜೀರ್ಣ’, ‘ಪೂರ್ಣ’ ಎಂಬ ರೂಪಗಳಲ್ಲಿ ‘ತ’ಕಾರಕ್ಕೆ ಪ್ರತಿಯಾಗಿ ‘ನ’ಕಾರವಿರುವುದನ್ನು ಸಂಸ್ಕೃತ ವಿದ್ಯಾರ್ಥಿಗಳು ಬಲ್ಲರು. ‘ಭಿದ್’ ಧಾತುವೂ ಇಂಗ್ಲಿಷಿನ ‘ಬೈಟ್’ ಎಂಬ ಧಾತುವೂ ಒಂದೇ ಮೂಲದವು; ಆದುದರಿಂದ ‘ಭಿನ್ನ’ ಮತ್ತು ‘ಬಿಟನ್’ ಎಂಬುವು ಧಾತುವಿನಲ್ಲಿಯೂ ಪ್ರತ್ಯಯದಲ್ಲಿಯೂ ಜ್ಞಾತಿಗಳು. ಕೆಲವು ಹಳೆಯ ಕೃದಂತಗಳು ಕೃದಂತವೆಂಬ ಗುರುತೇ ಉಳಿಯದಂತೆ ಸವೆದುಹೋಗಿವೆ. ‘ಲೌಡ್’ ಎಂಬ ಸಾಮಾನ್ಯ ಗುಣವಾಚಕವು ಮೂಲತಃ ‘ಕೇಳಲ್ಪಟ್ಟ’ ಎಂಬ ಅರ್ಥದ ಕೃದಂತ, ಎಂದರೆ ನಮ್ಮ ‘ಶ್ರುತ’ ಶಬ್ದದ ನೇರವಾದ ಸಂಬಂಧಿ. ‘ಓಲ್ಡ್’, ‘ಕೋಲ್ಡ್’ ಎಂಬುವುಗಳ ಕೊನೆಯ ‘ಡ್’ ಕೂಡ ಇದೇ ಪ್ರತ್ಯಯ.

ರೂಪದಲ್ಲಿ ಇಂತಹ ಬಾಂಧವ್ಯವಿದ್ದ ಮೇಲೆ ಅರ್ಥದಲ್ಲಿಯೂ ಸಾಮ್ಯವಿರುವುದು ಸಹಜ. ಆದರೆ ಇಲ್ಲಿ ಹೆಸರೊಂದು ಅಡ್ಡ ಬರುತ್ತದೆ. ಪಾಶ್ಚಾತ್ಯರು ಇದನ್ನು ‘ಪಾಸ್ಟ್’, ಎಂದರೆ ಭೂತಕಾಲದ್ದು ಎಂದರು. ಪಾಣಿನಿಯು ‘ಕ್ತ’ ಮತ್ತು ‘ಕ್ತವತು’ ಪ್ರತ್ಯಯಗಳೆರಡಕ್ಕೂ ಸೇರಿಸಿ ಇಟ್ಟ ಹೆಸರು ‘ನಿಷ್ಠಾ’. ಆ ಶಬ್ದಕ್ಕೆ ಮುಕ್ತಾಯ, ಪರಿಸಮಾಪ್ತಿ ಎಂಬ ಅರ್ಥವುಂಟು. ಸಂಸ್ಕೃತದಲ್ಲಿಯೂ ಈ ರೂಪವನ್ನು ಭೂತಾರ್ಥದಲ್ಲಿ ವಿಧಿಸಿರುವುದು ನಿಜ. ಆದರೆ ಇಚ್ಛೆ, ಜ್ಞಾನ, ಪೂಜೆ ಈ ಅರ್ಥಗಳ ಧಾತುಗಳಿಗೆ ‘ಕ್ತ’ವು ವರ್ತಮಾನಾರ್ಥದಲ್ಲಿಯೂ ಬರುವುದೆಂದು ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಪ್ರತ್ಯೇಕವಾಗಿ ಹೇಳಿದೆ. ‘ಪೂಜಿತ’ನು ಹಿಂದೆ ಎಂದೋ ಪೂಜೆಗೊಂಡವನಲ್ಲ, ಈಗ ಪೂಜೆಗೊಳ್ಳುತ್ತಿರುವವನು. ಇಂಗ್ಲಿಷಿನ ‘ಎ ರೆಸ್ಪೆಕ್ಟೆಡ್ ಟೀಚರ್’, ‘ಎ ನೋನ್ ಫ್ಯಾಕ್ಟ್’ ಎಂಬ ಪ್ರಯೋಗಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಅಧ್ಯಾಪಕರಿಗೆ ಗೌರವ ನಿನ್ನೆಗೇ ಮುಗಿಯಿತೆಂದು ಅಲ್ಲಿ ಯಾರೂ ಅರ್ಥಮಾಡುವುದಿಲ್ಲ.

ಇಂಗ್ಲಿಷ್ ಕೃದಂತದಲ್ಲಿ ಕಾಲವಿಲ್ಲವೆಂಬುದಕ್ಕೆ ಇನ್ನೂ ಸರಳವಾದ ಪ್ರಮಾಣ ಬೇಕಾದರೆ ‘ದಿ ವರ್ಕ್ ವಿಲ್ ಬಿ ಫಿನಿಷ್ಡ್ ಟುಮಾರೋ’ ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ಕೆಲಸವು ನಾಳೆಯದು, ಆದರೂ ಕೃದಂತವು ‘ಭೂತ’! ಕಾಲವನ್ನು ಹೇಳುವ ಹೊಣೆಯನ್ನು ‘ವಿಲ್ ಬಿ’ ಎಂಬ ಸಹಾಯಕ ಕ್ರಿಯೆ ಹೊತ್ತಿದೆ. ಕ್ರಿಯೆಯು ಪೂರ್ತಿಗೊಂಡ ಸ್ಥಿತಿ, ಆ ಸ್ಥಿತಿಯನ್ನು ಹೊಂದಿದ ವಸ್ತು ಯಾವುದು ಎಂಬ ನಿರ್ದೇಶ, ಈ ಎರಡನ್ನು ಮಾತ್ರ ಕೃದಂತವು ಹೊತ್ತಿದೆ.

ಈ ಹೆಸರು ಹೊರಗಿನ ವಿದ್ಯಾರ್ಥಿಗಳನ್ನು ಮಾತ್ರವಲ್ಲ, ಇಂಗ್ಲಿಷರನ್ನೂ ಅವರ ಮಕ್ಕಳಾದ ಅಮೆರಿಕನ್ನರನ್ನೂ ದಾರಿತಪ್ಪಿಸಿರುವುದುಂಟು. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಮನೆ ಕಟ್ಟುತ್ತಿದ್ದಾರೆ ಎಂಬ ಅರ್ಥಕ್ಕೆ ‘ದಿ ಹೌಸ್ ಈಸ್ ಬಿಲ್ಡಿಂಗ್’ ಎಂದು ಹೇಳುವುದೇ ರೂಢಿಯಾಗಿತ್ತು. ಆ ಬಳಿಕ ‘ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂಬ ಹೊಸ ರಚನೆ ಹಬ್ಬತೊಡಗಿದಾಗ ಹತ್ತೊಂಬತ್ತನೆಯ ಶತಮಾನದ ಹಲವು ವಿಮರ್ಶಕರು ಕೆರಳಿದರು. ರಿಚರ್ಡ್ ಗ್ರಾಂಟ್ ವೈಟ್ ಎಂಬ ಅಮೆರಿಕನ್ ಲೇಖಕನು 1870ರಲ್ಲಿ ಪ್ರಕಟಿಸಿದ ಶಬ್ದವಿಚಾರದ ಗ್ರಂಥದಲ್ಲಿ ಇದರ ಖಂಡನೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ‘ಬಿಲ್ಟ್’ ಎಂದರೆ ಕಟ್ಟಿ ಮುಗಿದುದು. ಮುಗಿದುದು ಇನ್ನೂ ನಡೆಯುತ್ತಿರುವುದು ಹೇಗೆ ಎಂಬುದು ಇಂತಹ ವಾದಗಳ ತಿರುಳು. ಕೃದಂತವು ಭೂತಕಾಲವನ್ನೇ ಹೇಳುವುದಾದರೆ ಈ ಆಕ್ಷೇಪ ಸಾಧುವೇ ಸರಿ. ಆದರೆ ಜನರ ನಾಲಗೆಯು ವೈಯಾಕರಣರ ಪರಿಭಾಷೆಯನ್ನು ಕೇಳಿ ನಡೆಯುವುದಿಲ್ಲ. ಖಂಡನೆಗೊಂಡ ಆ ರಚನೆಯೇ ಉಳಿಯಿತು.

‘ಹ್ಯಾವ್’ ಎಂಬ ಸಹಾಯಕ ಕ್ರಿಯೆಯೊಡನೆ ಕೃದಂತವು ಬರುವ ರಚನೆಯನ್ನು ಈಗ ಪರಿಶೀಲಿಸಬಹುದು. ‘ಐ ಹ್ಯಾವ್ ರಿಟನ್ ಎ ಲೆಟರ್’ ಎಂಬಲ್ಲಿ ಕೃದಂತವು ಕರ್ಮವನ್ನು ಬಿಟ್ಟು ಕರ್ತೃವಿನ ಪಕ್ಷವನ್ನು ಸೇರಿದಂತೆ ಕಾಣುತ್ತದೆ. ನಮ್ಮ ವಾದಕ್ಕೆ ಇದು ಬಾಧಕವೆಂದು ಯಾರಾದರೂ ಹೇಳಬಹುದು. ಇತಿಹಾಸವನ್ನು ನೋಡಿದರೆ ಬಾಧಕವಲ್ಲವೆಂಬುದು ತಿಳಿಯುತ್ತದೆ. ‘ಹ್ಯಾವ್’ ಎಂದರೆ ಮೂಲತಃ ತನ್ನ ಬಳಿ ಇಟ್ಟುಕೊಂಡಿರುವುದು ಎಂದೇ ಅರ್ಥ. ಪ್ರಾಚೀನ ಇಂಗ್ಲಿಷಿನಲ್ಲಿ ‘ಹಿಡಿದ ಮೀನನ್ನು ಇಟ್ಟುಕೊಂಡಿದ್ದೇನೆ’ ಎಂಬ ಅರ್ಥದ ವಾಕ್ಯದಲ್ಲಿ ಕೃದಂತವು ‘ಮೀನು’ ಎಂಬ ಕರ್ಮಪದಕ್ಕೆ ವಿಶೇಷಣವಾಗಿ ನಿಂತು, ಅದರ ಲಿಂಗ ವಚನ ವಿಭಕ್ತಿಗಳನ್ನು ತಾನೂ ಧರಿಸಬಹುದಾಗಿತ್ತು. ಕಾಲಕ್ರಮದಲ್ಲಿ ವಿಭಕ್ತಿಪ್ರತ್ಯಯಗಳು ಸವೆದುವು, ಕೃದಂತವು ಕರ್ಮದ ಮಗ್ಗುಲನ್ನು ಬಿಟ್ಟು ‘ಹ್ಯಾವ್’ನ ಮಗ್ಗುಲಿಗೆ ಸರಿಯಿತು, ಒಡೆತನದ ಅರ್ಥ ಅಳಿದು ಪೂರ್ಣತೆಯ ಅರ್ಥ ಉಳಿಯಿತು. ಹಳೆಯ ಪದಕ್ರಮವು ಪೂರ್ತಿಯಾಗಿ ಸತ್ತಿಲ್ಲ. ‘ಐ ಹ್ಯಾಡ್ ಕಟ್ ಮೈ ಹೇರ್’ ಎಂದರೆ ನಾನೇ ಕತ್ತರಿ ಹಿಡಿದಿದ್ದೆ ಎಂದಾಗುತ್ತದೆ. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂದರೆ ಕ್ಷೌರಿಕನಿಂದ ಮಾಡಿಸಿಕೊಂಡೆ ಎಂದಾಗುತ್ತದೆ. ಪದಗಳು ಅವೇ, ಸ್ಥಾನ ಮಾತ್ರ ಬೇರೆ. ಎರಡನೆಯ ವಾಕ್ಯದಲ್ಲಿ ಕೃದಂತವು ಇಂದಿಗೂ ಕರ್ಮದ ಬೆನ್ನಿಗೇ ನಿಂತಿದೆ.

ಹಿಂದಿಯನ್ನು ಬಲ್ಲ ವಿದ್ಯಾರ್ಥಿಗೆ ಇದನ್ನು ಇನ್ನೊಂದು ಬಗೆಯಿಂದ ತೋರಿಸಬಹುದು. ‘ಮೈಂನೇ ಪತ್ರ್ ಲಿಖಾ’, ‘ಮೈಂನೇ ಚಿಟ್ಠೀ ಲಿಖೀ’ ಎಂಬಲ್ಲಿ ಬರೆದವನು ಗಂಡಸಾಗಲಿ ಹೆಂಗಸಾಗಲಿ ಕ್ರಿಯಾಪದದ ಲಿಂಗವು ಕರ್ಮವನ್ನೇ ಅನುಸರಿಸುತ್ತದೆ. ಏಕೆಂದರೆ ‘ಲಿಖಾ’ ಎಂಬುದು ಹುಟ್ಟಿನಿಂದ ‘ಲಿಖಿತ’ವೇ.

ಕನ್ನಡದ ದಾರಿ ಬೇರೆ. ಕನ್ನಡದಲ್ಲಿ ‘ಹ್ಯಾವ್’ಗೆ ಸಮನಾದ ಧಾತುವೇ ಇಲ್ಲ, ‘ನನಗೆ ಮನೆ ಇದೆ’ ಎನ್ನುತ್ತೇವೆಯೇ ಹೊರತು ನಾನು ಮನೆಯನ್ನು ಏನೋ ಮಾಡುತ್ತೇನೆ ಎನ್ನುವುದಿಲ್ಲ. ‘ಬರೆದಿದ್ದೇನೆ’ ಎಂಬುದು ‘ಬರೆದು’ ಎಂಬ ಅವ್ಯಯಕೃದಂತಕ್ಕೆ ‘ಇರು’ ಧಾತುವಿನ ರೂಪ ಸೇರಿ ಆದುದು: ಬರೆದು, ಆ ಸ್ಥಿತಿಯಲ್ಲಿ ಇದ್ದೇನೆ. ಇಂಗ್ಲಿಷ್ ಕೂಡ ಹಿಂದೆ ಗಮನಾರ್ಥಕ ಮತ್ತು ಸ್ಥಿತ್ಯಂತರಾರ್ಥಕ ಧಾತುಗಳಿಗೆ ‘ಬಿ’ ಧಾತುವನ್ನೇ ಬಳಸುತ್ತಿತ್ತು. ಷೇಕ್ಸ್‌ಪಿಯರನ ಕಾಲದಲ್ಲಿ ‘ಹಿ ಈಸ್ ಕಮ್’ ಎಂಬುದು ಸಾಧುವಾದ ಪ್ರಯೋಗ. ಈಗ ‘ಹಿ ಈಸ್ ಗಾನ್’ ಎಂಬಂಥ ಕೆಲವೇ ಅವಶೇಷಗಳು ಉಳಿದಿವೆ.

‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂಬ ತಪ್ಪು ಹುಟ್ಟುವುದು ಇಲ್ಲಿಯೇ. ‘ನಿನ್ನೆಯೇ ಅವನನ್ನು ನೋಡಿದ್ದೇನೆ’ ಎಂಬುದು ಕನ್ನಡದಲ್ಲಿ ನಿರ್ದುಷ್ಟ. ಜರ್ಮನ್ ಭಾಷೆಯಲ್ಲಿಯೂ ಇದಕ್ಕೆ ಸಮನಾದ ವಾಕ್ಯ ಸಲ್ಲುತ್ತದೆ. ಇಂಗ್ಲಿಷ್ ಮಾತ್ರ ‘ಹ್ಯಾವ್’ನ ವರ್ತಮಾನತ್ವವನ್ನು ಬಿಗಿಯಾಗಿ ಹಿಡಿದಿದೆ. ವಾಕ್ಯದ ಕಾಲವು ‘ಹ್ಯಾವ್’ನಲ್ಲಿರುವುದರಿಂದ, ಎಂದರೆ ಈಗ ಎಂದಿರುವುದರಿಂದ, ‘ನಿನ್ನೆ’ ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ‘ಸೀನ್’ ಎಂಬುದು ಭೂತಕಾಲವನ್ನು ಹೇಳುತ್ತದೆಂದು ಕಲಿತ ವಿದ್ಯಾರ್ಥಿಯು ಅದರ ಜೊತೆಗೆ ‘ನಿನ್ನೆ’ಯನ್ನು ಸೇರಿಸಿದರೆ ಅವನದೇನು ತಪ್ಪು?

ಅಕರ್ಮಕ ಧಾತುಗಳ ವಿಚಾರವು ಇದಕ್ಕಿಂತಲೂ ಸ್ವಾರಸ್ಯಕರವಾದುದು. ‘ಫಾಲನ್ ಲೀವ್ಸ್’, ‘ಎ ರಿಟೈರ್ಡ್ ಜಡ್ಜ್’, ‘ಆನ್ ಎಸ್ಕೇಪ್ಡ್ ಪ್ರಿಸನರ್’, ‘ಎ ವ್ಯಾನಿಷ್ಡ್ ಸಿವಿಲಿಜೇಷನ್’ ಎಂದು ಇಂಗ್ಲಿಷಿನಲ್ಲಿ ಹೇಳಬಹುದು. ‘ಎ ಲಾಫ್ಡ್ ಬಾಯ್’, ‘ಎ ವರ್ಕ್ಡ್ ಕ್ಲರ್ಕ್’ ಎಂದು ಹೇಳಲಾಗದು. ಕನ್ನಡದಲ್ಲಿ ಉದುರಿದ ಎಲೆ, ನಿವೃತ್ತಿ ಹೊಂದಿದ ನ್ಯಾಯಾಧೀಶ, ನಕ್ಕ ಹುಡುಗ, ದುಡಿದ ಗುಮಾಸ್ತ ಎಲ್ಲವೂ ಒಂದೇ ಎರಕ. ಆದುದರಿಂದ ವಿದ್ಯಾರ್ಥಿಗೆ ಈ ಭೇದದ ಸುಳಿವೇ ಸಿಕ್ಕುವುದಿಲ್ಲ. ಭೇದವಿರುವುದು ಧಾತುವಿನ ಅರ್ಥದಲ್ಲಿ. ಬೀಳುವುದು, ಸಾಯುವುದು, ಬಾಡುವುದು, ಮಾಯವಾಗುವುದು ಇವು ಕರ್ತೃವು ಮಾಡುವ ಕೆಲಸಗಳಲ್ಲ, ಕರ್ತೃವಿಗೆ ಆಗುವ ವಿಕಾರಗಳು. ನಗುವುದು, ದುಡಿಯುವುದು, ಓಡುವುದು ಕರ್ತೃವು ತಾನಾಗಿ ಮಾಡುವ ವ್ಯಾಪಾರಗಳು. ಮೊದಲ ವರ್ಗದ ಅಕರ್ಮಕಗಳಲ್ಲಿ ವ್ಯಾಕರಣದ ಕರ್ತೃವು ಅರ್ಥದಲ್ಲಿ ಕರ್ಮಕ್ಕೆ ಸಮೀಪವಾಗಿರುತ್ತದೆ. ಡೇವಿಡ್ ಪರ್ಲ್‌ಮಟರ್ ಎಂಬ ಭಾಷಾವಿಜ್ಞಾನಿಯು 1978ರಲ್ಲಿ ಈ ಭೇದವನ್ನು ಒಂದು ಸಿದ್ಧಾಂತವಾಗಿ ಮಂಡಿಸಿದ ಮೇಲೆ ಪ್ರಪಂಚದ ಅನೇಕ ಭಾಷೆಗಳಲ್ಲಿ ಇದರ ಕುರುಹುಗಳನ್ನು ವಿದ್ವಾಂಸರು ಹುಡುಕಿ ತೋರಿಸಿದ್ದಾರೆ. ಹೀಗೆ ನೋಡಿದರೆ ‘ಫಾಲನ್’ ಎಂಬುದು ಅಪವಾದವಲ್ಲ. ‘ರಿಟನ್’ ಎಂಬುದು ಕ್ರಿಯೆಯಿಂದ ವಿಕಾರಗೊಂಡ ವಸ್ತುವಿನ ಕಡೆಗೆ ಹೇಗೆ ಮುಖಮಾಡಿದೆಯೋ ‘ಫಾಲನ್’ ಎಂಬುದೂ ಹಾಗೆಯೇ.

‘ಆನ್ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’, ‘ಹಿ ವಾಸ್ ಡೈಡ್’ ಎಂಬ ದೋಷಗಳಿಗೂ ಇಲ್ಲಿಯೇ ಕಾರಣ ಸಿಕ್ಕುತ್ತದೆ. ಜಪಾನೀ, ಚೀನೀ ಮಾತೃಭಾಷೆಯ ವಿದ್ಯಾರ್ಥಿಗಳಲ್ಲಿಯೂ ಇವೇ ದೋಷಗಳು ಕಂಡುಬಂದಿರುವುದನ್ನು ಭಾಷಾಬೋಧನೆಯ ಸಂಶೋಧಕರು ಗುರುತಿಸಿದ್ದಾರೆ. ಅಪಘಾತವು ತಾನಾಗಿ ಏನನ್ನೂ ಮಾಡಲಿಲ್ಲ, ಅದು ಸಂಭವಿಸಿತು ಎಂದು ವಿದ್ಯಾರ್ಥಿಯು ಸರಿಯಾಗಿಯೇ ಗ್ರಹಿಸಿ, ಅದಕ್ಕೆ ಕರ್ಮಣಿ ಪ್ರಯೋಗದ ಉಡುಪನ್ನು ತೊಡಿಸುತ್ತಾನೆ. ತಪ್ಪು ತಪ್ಪೇ, ಆದರೆ ಇದು ದಡ್ಡತನದ ತಪ್ಪಲ್ಲ. ‘ಹ್ಯಾಪನ್’ ಧಾತುವಿಗೆ ಕರ್ಮವೇ ಇಲ್ಲ, ಕರ್ಮವಿಲ್ಲದ ಕಡೆ ಕರ್ಮಣಿ ಇಲ್ಲ ಎಂದು ಹೇಳಿದರೆ ಅವನು ತಿಳಿದುಕೊಳ್ಳುತ್ತಾನೆ.

ಸಂಸ್ಕೃತದಲ್ಲಿ ಈ ವ್ಯವಸ್ಥೆಯು ಸೂತ್ರಬದ್ಧವಾಗಿಯೇ ಇದೆ. ‘ಕ್ತ’ವು ಸಾಮಾನ್ಯವಾಗಿ ಕರ್ಮಾರ್ಥದಲ್ಲಿ ಬಂದರೂ ಗಮನಾರ್ಥಕ ಮತ್ತು ಅಕರ್ಮಕ ಧಾತುಗಳಿಗೆ ಕರ್ತ್ರರ್ಥದಲ್ಲಿಯೂ ಬರುತ್ತದೆ: ಗತ, ಪತಿತ, ಮೃತ, ನಿವೃತ್ತ. ಇಂಗ್ಲಿಷಿನ ಕ್ಷೇತ್ರವು ಇದಕ್ಕಿಂತ ಕಿರಿದೆಂಬುದನ್ನು ಮಾತ್ರ ಮರೆಯಕೂಡದು. ‘ಸುಪ್ತ’ ಎಂಬುದು ಸಂಸ್ಕೃತದಲ್ಲಿ ಸಾಧು. ‘ಎ ಸ್ಲೆಪ್ಟ್ ಚೈಲ್ಡ್’ ಇಂಗ್ಲಿಷಿನಲ್ಲಿ ಅಸಾಧು. ‘ಆಗತ’ನಾದ ಅತಿಥಿಯನ್ನು ‘ಆನ್ ಅರೈವ್ಡ್ ಗೆಸ್ಟ್’ ಎನ್ನಲಾಗದು. ಆದರೆ ‘ಎ ನ್ಯೂಲಿ ಅರೈವ್ಡ್ ಗೆಸ್ಟ್’ ಎಂದು ‘ನವಾಗತ’ನನ್ನು ಕರೆಯಬಹುದು. ಇಂತಹ ಸೂಕ್ಷ್ಮಗಳು ಓದಿನಿಂದ ಬರತಕ್ಕವು. ‘ಲಿಖಿತ’ವೆಂಬ ಅಳತೆಗೋಲು ದಾರಿ ತೋರುತ್ತದೆ, ಊರು ಮುಟ್ಟಿಸುವುದಿಲ್ಲ. ಸಕರ್ಮಕಗಳಲ್ಲಿಯೂ ಕೆಲವು ಮೊಂಡು ಶಬ್ದಗಳಿವೆ. ‘ಎ ವೆಲ್-ರೆಡ್ ಮ್ಯಾನ್’ ಎಂದರೆ ಓದಿಸಿಕೊಂಡವನಲ್ಲ, ಓದಿದವನು. ಕಚೇರಿಯ ಪತ್ರಗಳ ‘ಅಂಡರ್‌ಸೈನ್ಡ್’ ಎಂಬಾತನು ಸಹಿ ಹಾಕಿದವನೇ.

ವಿಶೇಷಣವಾಗಿ ನಿಂತ ಕೃದಂತಕ್ಕೂ ಕ್ರಿಯೆಯಾಗಿ ನಿಂತ ಕೃದಂತಕ್ಕೂ ಇರುವ ಅಂತರವನ್ನು ಇಂಗ್ಲಿಷಿನ ರೂಪವು ಮುಚ್ಚಿಡುತ್ತದೆ. ‘ದಿ ಡೋರ್ ವಾಸ್ ಕ್ಲೋಸ್ಡ್’ ಎಂದರೆ ಬಾಗಿಲನ್ನು ಯಾರೋ ಮುಚ್ಚಿದರು ಎಂಬ ಘಟನೆಯೂ ಆಗಬಹುದು, ಬಾಗಿಲು ಮುಚ್ಚಿತ್ತು ಎಂಬ ಸ್ಥಿತಿಯೂ ಆಗಬಹುದು. ‘ಬಾಗಿಲನ್ನು ಮುಚ್ಚಿದರು’, ‘ಬಾಗಿಲು ಮುಚ್ಚಿತ್ತು’ ಎಂದು ಕನ್ನಡವು ಇವೆರಡನ್ನೂ ತೊಡಕಿಲ್ಲದೆ ಬೇರ್ಪಡಿಸುತ್ತದೆ. ಅನುವಾದಕರು ಈ ಸೌಲಭ್ಯವನ್ನು ಉಪಯೋಗಿಸಿಕೊಳ್ಳದೆ ಎಲ್ಲ ಕಡೆಯೂ ‘ಮುಚ್ಚಲ್ಪಟ್ಟಿತು’ ಎಂದು ಬರೆಯುವುದು ಶೋಚನೀಯ. ಇಂಗ್ಲಿಷಿನ ಕೃದಂತ ಕಂಡಲ್ಲೆಲ್ಲ ‘ಪಡು’ ಧಾತುವನ್ನು ತಂದು ಹಚ್ಚುವ ಈ ಚಟದಿಂದ ಕನ್ನಡ ಗದ್ಯಕ್ಕೆ ಆಗಿರುವ ಹಾನಿ ಅಷ್ಟಿಷ್ಟಲ್ಲ.

ಇವೆರಡನ್ನು ಇಂಗ್ಲಿಷಿನಲ್ಲಿ ಬೇರ್ಪಡಿಸಲು ಒಂದು ಸುಲಭವಾದ ಪರೀಕ್ಷೆಯುಂಟು. ‘ದಿ ಲೆಟರ್ ವಾಸ್ ಅನ್‌ಓಪನ್ಡ್’ ಎಂಬಲ್ಲಿ ‘ಅನ್‌ಓಪನ್’ ಎಂಬ ಧಾತುವಿಲ್ಲ; ಆದುದರಿಂದ ‘ಅನ್’ ಸೇರಿದ ಈ ಕೃದಂತವು ಅಪ್ಪಟ ವಿಶೇಷಣವೇ ಆಗಿರಬೇಕು. ಇಲ್ಲಿಯೂ ಸಂಸ್ಕೃತವು ಜೊತೆಯಲ್ಲಿಯೇ ನಡೆಯುತ್ತದೆ: ಅಲಿಖಿತ, ಅಮುದ್ರಿತ, ಅಪ್ರಕಟಿತ. ನಿಷೇಧಾರ್ಥದ ‘ಅ’ ಮತ್ತು ‘ಅನ್’ ಎಂಬುವೂ ಒಂದೇ ಮೂಲದಿಂದ ಬಂದವೆಂಬುದನ್ನು ಪ್ರಸಂಗವಶಾತ್ ಹೇಳಬಹುದು.

ಸ್ಥಾನದಿಂದಲೂ ಅರ್ಥ ಬದಲಾಗುತ್ತದೆ. ನಮ್ಮ ಕಚೇರಿಗಳಲ್ಲಿ ‘ಸಂಬಂಧಪಟ್ಟ ಅಧಿಕಾರಿ’ ಎಂಬುದನ್ನು ‘ದಿ ಕನ್ಸರ್ನ್ಡ್ ಆಫೀಸರ್’ ಎಂದು ಬರೆಯುವ ಪದ್ಧತಿ ನೆಲೆಯೂರಿದೆ. ಭಾರತದೊಳಗೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಇದನ್ನು ಭಾರತೀಯ ಇಂಗ್ಲಿಷಿನ ಒಂದು ವಿಶೇಷವೆಂದು ಒಪ್ಪಬಹುದು. ಆದರೆ ಇಂಗ್ಲೆಂಡಿನ ಓದುಗನಿಗೆ ಅದು ಸಾಮಾನ್ಯವಾಗಿ ‘ಚಿಂತಾಕ್ರಾಂತನಾದ ಅಧಿಕಾರಿ’ ಎಂದೇ ತೋರುತ್ತದೆ. ಸಂಬಂಧಪಟ್ಟವನನ್ನು ಅವನು ‘ದಿ ಆಫೀಸರ್ ಕನ್ಸರ್ನ್ಡ್’ ಎನ್ನುತ್ತಾನೆ. ನಾಮಪದದ ಮುಂದೆ ಬಂದ ಕೃದಂತವು ಸ್ಥಿರವಾದ ಗುಣವನ್ನೂ, ಹಿಂದೆ ಬಂದ ಕೃದಂತವು ಆ ಸಂದರ್ಭದ ಸಂಬಂಧವನ್ನೂ ಸೂಚಿಸುವುದು ಇಂಗ್ಲಿಷಿನ ಒಲವು. ಕನ್ನಡದಲ್ಲಿ ವಿಶೇಷಣಕ್ಕೆ ಒಂದೇ ಸ್ಥಾನವಿರುವುದರಿಂದ ಈ ಭೇದವನ್ನು ಉದಾಹರಣೆಗಳ ಮೂಲಕವೇ ಕಲಿಸಬೇಕು.

‘ಬೋರ್ಡ್’ ಮತ್ತು ‘ಬೋರಿಂಗ್’, ‘ಇಂಟರೆಸ್ಟೆಡ್’ ಮತ್ತು ‘ಇಂಟರೆಸ್ಟಿಂಗ್’ ಇವುಗಳ ಗೊಂದಲಕ್ಕೆ ಹೆಚ್ಚು ವಿವರಣೆ ಬೇಕಾಗಿಲ್ಲ. ಮನೋವಿಕಾರವನ್ನು ಹುಟ್ಟಿಸುವುದು ‘ಇಂಗ್’. ವಿಕಾರವನ್ನು ಹೊಂದಿದುದು ಭೂತಕೃದಂತ. ‘ಮೋಹಕ’ ಮತ್ತು ‘ಮೋಹಿತ’ ಎಂಬ ಜೋಡಿಯನ್ನು ನೆನಪಿಸಿದರೆ ಪಾಠ ಮುಗಿಯುತ್ತದೆ.

ರೂಪಗಳ ಏರುಪೇರನ್ನು ಕುರಿತು ಎರಡು ಮಾತು. ಮೂರನೆಯ ಸಾಲನ್ನು ಬಾಯಿಪಾಠ ಮಾಡಿಸುವ ಕಷ್ಟ ಇಂಗ್ಲಿಷರಿಗೂ ತಪ್ಪಿರಲಿಲ್ಲ. ರಾಬರ್ಟ್ ಲೌತ್ ಎಂಬ ಪಾದ್ರಿಯು 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ, ‘ಹ್ಯಾವ್ ರೋಟ್’ ಎಂಬಂತೆ ಎರಡನೆಯ ಸಾಲಿನ ರೂಪವನ್ನು ಮೂರನೆಯದರ ಸ್ಥಾನದಲ್ಲಿ ಬಳಸಿದ ದೋಷವನ್ನು ಮಿಲ್ಟನ್, ಡ್ರೈಡನ್, ಪೋಪ್ ಮೊದಲಾದ ಮಹಾಲೇಖಕರಲ್ಲಿಯೇ ಎತ್ತಿ ತೋರಿಸಿದನು. ‘ಹೆಲ್ಪ್’ ಧಾತುವಿನ ಕೃದಂತವು 1611ರ ಬೈಬಲ್ ಅನುವಾದದಲ್ಲಿ ‘ಹೋಲ್‌ಪನ್’ ಎಂದಿದೆ; ಇಂದು ‘ಹೆಲ್ಪ್ಡ್’. ‘ಗಾಟನ್’ ಇಂಗ್ಲೆಂಡಿನಲ್ಲಿ ಹಿಂದೆ ಸರಿಯಿತು, ಅಮೆರಿಕೆಯಲ್ಲಿ ಉಳಿಯಿತು. ಅಲ್ಲಿ ‘ಹ್ಯಾವ್ ಗಾಟ್’ ಎಂದರೆ ಇದೆ ಎಂದೂ ‘ಹ್ಯಾವ್ ಗಾಟನ್’ ಎಂದರೆ ಪಡೆದಿದ್ದೇನೆ ಎಂದೂ ಉಪಯುಕ್ತವಾದ ಭೇದ ಏರ್ಪಟ್ಟಿದೆ. ‘ಮೋಲ್ಟನ್’, ‘ಡ್ರಂಕನ್’, ‘ಸಂಕನ್’ ಎಂಬ ಹಳೆಯ ರೂಪಗಳು ಕ್ರಿಯಾಸ್ಥಾನವನ್ನು ಕಳೆದುಕೊಂಡು ವಿಶೇಷಣಗಳಾಗಿ ಬದುಕಿವೆ: ಲೋಹವು ‘ಮೋಲ್ಟನ್’, ಕರಗಿದ ಬೆಣ್ಣೆ ‘ಮೆಲ್ಟೆಡ್’. ಸಂಸ್ಕೃತವೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ‘ಶುಷ್ಕ’, ‘ಪಕ್ವ’ ಎಂಬ ಶಬ್ದಗಳೂ ಕ್ತಾಂತಗಳೇ ಎಂದರೆ ಯಾರು ನಂಬುತ್ತಾರೆ? ಅವಕ್ಕೆ ಪಾಣಿನಿಯು ಪ್ರತ್ಯೇಕ ಸೂತ್ರಗಳನ್ನೇ ರಚಿಸಬೇಕಾಯಿತು.

ಉಚ್ಚಾರಣೆಯಲ್ಲಿ ನಮ್ಮವರು ಮಾಡುವ ‘ವಾಕೆಡ್’, ‘ಆಸ್ಕೆಡ್’ ಎಂಬ ತಪ್ಪು ಹಿಂದೊಮ್ಮೆ ತಪ್ಪಾಗಿರಲಿಲ್ಲ. ಕೊನೆಯ ಸ್ವರವನ್ನು ನುಂಗುವ ಹೊಸ ರೂಢಿಯನ್ನು 1712ರಲ್ಲಿ ಜೊನಾಥನ್ ಸ್ವಿಫ್ಟನು ಕಟುವಾಗಿ ಖಂಡಿಸಿದ್ದನು. ‘ಲರ್ನೆಡ್’, ‘ಬ್ಲೆಸೆಡ್’ ಎಂಬ ವಿಶೇಷಣಗಳಲ್ಲಿ ಆ ಸ್ವರ ಇಂದಿಗೂ ಕೇಳಿಸುತ್ತದೆ.

ಕಡೆಯದಾಗಿ, ಕೃದಂತದಂತೆ ಕಂಡರೂ ಕೃದಂತವಲ್ಲದ ಒಂದು ವರ್ಗವನ್ನು ಉಲ್ಲೇಖಿಸಬೇಕು. ‘ಬಿಯರ್ಡೆಡ್’, ‘ಟ್ಯಾಲೆಂಟೆಡ್’ ಎಂಬ ಶಬ್ದಗಳಲ್ಲಿ ‘ಎಡ್’ ಸೇರಿರುವುದು ಧಾತುವಿಗಲ್ಲ, ನಾಮಪದಕ್ಕೆ. ಗಡ್ಡವುಳ್ಳವನು, ಪ್ರತಿಭೆಯುಳ್ಳವನು ಎಂದರ್ಥ. ಕವಿ ಕೋಲ್‌ರಿಜ್ ‘ಟ್ಯಾಲೆಂಟೆಡ್’ ಶಬ್ದವನ್ನು 1832ರಲ್ಲಿ ಬಲವಾಗಿ ಹಳಿದು, ಹಾಗಾದರೆ ‘ಷಿಲ್ಲಿಂಗ್’ ಎಂಬ ನಾಣ್ಯದ ಹೆಸರಿಗೂ ಇದೇ ಪ್ರತ್ಯಯವನ್ನು ಹಚ್ಚಬಾರದೇಕೆ ಎಂದು ಹಾಸ್ಯಮಾಡಿದನು. ಸಂಸ್ಕೃತವನ್ನು ಬಲ್ಲವರಿಗೆ ಈ ಶಬ್ದದಲ್ಲಿ ವಿಚಿತ್ರವೇನೂ ಕಾಣದು. ‘ಪುಷ್ಪಿತ’, ‘ಪಲ್ಲವಿತ’, ‘ತಾರಕಿತ’ ಎಂಬುವು ಕ್ತಾಂತಗಳಂತೆ ತೋರಿದರೂ ನಾಮಪದದ ಮೇಲೆ ‘ಇತಚ್’ ಎಂಬ ತದ್ಧಿತಪ್ರತ್ಯಯ ಬಂದು ಸಿದ್ಧಿಸಿದವು ಎಂದು ಪಾಣಿನಿಯ ಸಂಪ್ರದಾಯವು ಹೇಳುತ್ತದೆ. ನಕ್ಷತ್ರಗಳಿಂದ ತುಂಬಿದ ಆಕಾಶವು ಯಾವ ಧಾತುವಿನ ನೆರವೂ ಇಲ್ಲದೆ ‘ತಾರಕಿತ’ವಾಗುತ್ತದೆ.